ಅಂಗಳಕ್ಕೆ ಬೀಗ, ಪರದೆಗೆ ಬೀಗ

ನನಗೆ ಕೋಪ ಬೇಗ ಬರುತ್ತದೆ. ಬಂದದ್ದು ಬೇಗ ಹೋಗುವುದಿಲ್ಲ. ಅಮ್ಮ ಇದನ್ನು ‘ನಿಮ್ಮಪ್ಪನ ಕಡೆಯಿಂದ ಬಂದ ರೋಗ’ ಎನ್ನುತ್ತಾಳೆ. ಇರಬಹುದು, ಅಪ್ಪ ತೀರಿಕೊಂಡಾಗ ನಾನು ಚಿಕ್ಕವಳು, ಅವನ ಕೋಪ ನೋಡಿದ ನೆನಪಿಲ್ಲ. ಹೇಗೂ ಆ ರೋಗಕ್ಕೆ ನಾನು ಮದ್ದು ಹುಡುಕಲಿಲ್ಲ. ಒಂದು ಸಲವಾದರೂ ಅದರಿಂದ ಸರಿಯಾಗಿ ಕೆಲಸ ತೆಗೆದೆ. ಅದನ್ನೇ ಇಲ್ಲಿ ಹೇಳುತ್ತಿರುವುದು.

ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಯ ಮೇಲೆ ನನ್ನದೊಂದು ಕೋಣೆಯಿದೆ. ಅಲ್ಲಿ ಕೂತು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುತ್ತೇನೆ. ಬೆಳಗೋಡಿನ ರೈಸ್ ಮಿಲ್ಲು, ಆಲೂರಿನ ಗೊಬ್ಬರದ ಅಂಗಡಿ, ಸುತ್ತಮುತ್ತಲ ಕಾಫಿ ಎಸ್ಟೇಟುಗಳು, ಇಂಥವರೇ ನನ್ನ ಗಿರಾಕಿಗಳು. ನಾನು ಬರೆಯುವುದು ಮೇಜಿನ ಮೇಲಿನ ಕಂಪ್ಯೂಟರಿನೊಳಗೇ ಇರುವ ಹಳೇ ಥರದ ಪ್ರೋಗ್ರಾಮುಗಳು. ಇಂಟರ್‌ನೆಟ್ ನೆಚ್ಚಿಕೊಂಡರೆ ನಮ್ಮ ಕಡೆ ಗೋತಾ. ಒಂದು ಗಾಳಿ ಜೋರಾಗಿ ಬೀಸಿದರೆ ಹೆಗ್ಗದ್ದೆ ಕಡೆಗೆ ಸಿಗ್ನಲ್ ಇರುವುದಿಲ್ಲ, ಕರೆಂಟು ವಾಪಸ್ ಬಂದರೂ ಅದು ಬರುವುದಿಲ್ಲ.

ಈ ಕೆಲಸದಲ್ಲಿ ಕೂಡಿ ಕಳೆಯುವ ಭಾಗ ನನಗೆ ಬೇಸರ. ನನಗೆ ಇಷ್ಟವಾದದ್ದು ದಾರಿ ಹಾಕುವುದು. ಒಂದು ಪ್ರೋಗ್ರಾಮಿನಲ್ಲಿ ಹಲವಾರು ಪರದೆಗಳಿರುತ್ತವೆ, ಹಾಜರಿಯದ್ದೊಂದು, ತೂಕದ್ದೊಂದು, ಸ್ಟೋರಿನದ್ದೊಂದು. ಜನ ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತಾರೆ, ಹೋದವರು ಹೇಗೆ ವಾಪಸ್ ಬರುತ್ತಾರೆ, ಅರ್ಧ ತುಂಬಿ ಬಿಟ್ಟುಹೋದದ್ದು ಬರುವಾಗ ಹಾಗೇ ಇರುತ್ತದೋ ಇಲ್ಲವೋ, ಇದನ್ನು ಮೊದಲೇ ಯೋಚಿಸಿಡಬೇಕು. ಆಲೂರಿನ ಆ ಗೊಬ್ಬರದ ಅಂಗಡಿಯವರು ನನ್ನ ಹತ್ತಿರ ಬರುವ ಮುಂಚೆ ಬೇರೆ ಯಾರೋ ಮಾಡಿಕೊಟ್ಟ ಪ್ರೋಗ್ರಾಮ್ ಇಟ್ಟುಕೊಂಡಿದ್ದರು. ಬಿಲ್ಲಿನ ಪರದೆಯಿಂದ ವಾಪಸ್ ಬರುವ ಬಟನ್ ಎಲ್ಲಿದೆಯೆಂದು ಅವರಿಗೆ ಕಡೆಗೂ ಗೊತ್ತಾಗಲಿಲ್ಲ. ಪ್ರತಿ ಸಲ ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕುತ್ತಿದ್ದರು.

“ಇನ್ನೇನ್ ಮಾಡದು ಕಣಮ್ಮ, ಒಳಕ್ಕೋದ್ರೆ ಈಚೆಗ್ ಬರಕ್ಕೇ ಬುಡಲ್ಲ ಇದು,” ಎಂದರು ಆ ಮನುಷ್ಯ.

ನಾನು ಅವರಿಗೆ ಎಡಗಡೆಯಲ್ಲಿ ಒಂದು ಪಟ್ಟಿ ಮಾಡಿಕೊಟ್ಟೆ. ಯಾವ ಪರದೆಯಲ್ಲಿದ್ದರೂ ಪಟ್ಟಿ ಅಲ್ಲೇ ಇರುತ್ತದೆ, ಎಲ್ಲಿಂದ ಎಲ್ಲಿಗೆ ಬೇಕಾದರೂ ಒಂದೇ ಸಲ ಒತ್ತಿ ಹೋಗಬಹುದು, ತಾನೀಗ ಎಲ್ಲಿದ್ದೇನೆ ಎಂಬುದಕ್ಕೆ ಆ ಹೆಸರಿನ ಹಿಂದೆ ಹಸಿರು ಬಣ್ಣ. ಅಷ್ಟೇ. ನಾನು ಯಾರಿಗೂ ಸುತ್ತು ದಾರಿ ಹಾಕಿಕೊಡುವವಳಲ್ಲ. ಸುತ್ತು ದಾರಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದಕ್ಕೆ ಕಾರಣವಿದೆ.

ಹೆಗ್ಗದ್ದೆಗೆ ಹೋಗುವ ರಸ್ತೆಯಿಂದ ಒಳಗೆ ಹೋದರೆ ಒಂದು ಎಸ್ಟೇಟ್ ಸಿಗುತ್ತದೆ. ನಾನು ಹುಟ್ಟಿ ಬೆಳೆದದ್ದು ಅದರ ಲೈನಿನಲ್ಲಿ, ಅಂದರೆ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ. ಅಮ್ಮ ಈಗಲೂ ಅಲ್ಲೇ ಇದ್ದಾಳೆ. ಕಾಫಿ ಒಣಗಿಸುವ ಕಣದಲ್ಲಿ ಅವಳ ಕೆಲಸ. ಕಣದ ಪಕ್ಕದ ಸ್ಟೋರಿನ ಬೀಗದ ಕೈಯನ್ನು ಬೆಳಿಗ್ಗೆ ಆಫೀಸಿನಿಂದ ತರುವುದೂ ಸಂಜೆ ವಾಪಸ್ ಕೊಡುವುದೂ ಅವಳದೇ ಜವಾಬ್ದಾರಿ. ಕಣ ಒಂದು ಕಡೆ, ಆಫೀಸು ಇನ್ನೊಂದು ಕಡೆ, ನಡುವೆ ಸಾಹುಕಾರ್ರ ಬಂಗಲೆ. ಬಂಗಲೆಯ ಮುಂದಿನ ಅಂಗಳ ದಾಟಿದರೆ ಬಾಯಲ್ಲಿನ ಎಲೆಯಡಿಕೆ ಕೆಂಪಾಗುವುದರೊಳಗೆ ಆಫೀಸು. ಆದರೆ ಅಂಗಳದ ಬಾಯಿಗೆ ಒಂದು ಗೇಟು, ಗೇಟಿಗೆ ಸರಪಳಿ, ಸರಪಳಿಗೆ ಬೀಗ. ಕೆಲಸದವರು ಅಂಗಳದಲ್ಲಿ ಹಾಯುವಂತಿಲ್ಲ. ಬಂಗಲೆಯ ಹಿಂದೆ ಇಳಿದು, ದನದ ಕೊಟ್ಟಿಗೆ ಬಳಸಿ, ಪಾಚಿ ಕಟ್ಟಿದ ಕಲ್ಲು ಮೆಟ್ಟಿಲು ಹತ್ತಿ ಬರಬೇಕು. ಸಾಹುಕಾರ್ರ ಅಪ್ಪನ ಕಾಲದಿಂದಲೂ ಇದೇ ಪದ್ಧತಿ.

ಚಿಕ್ಕವಳಿದ್ದಾಗ ನಾನು ಇದರ ಬಗ್ಗೆ ರೇಗಿದರೆ ಅಮ್ಮ, “ಬುಡೇ, ಸುತ್ತಿ ಬಂದ್ರೆ ಕಾಲೇನ್ ಸವ್ದೋಗಲ್ಲ,” ಎನ್ನುತ್ತಿದ್ದಳು.

ಸವೆಯಲಿಲ್ಲ, ಮುರಿಯಿತು. ಒಂದು ಆಷಾಢದಲ್ಲಿ ಬೀಗದ ಕೈ ಕೊಡಲು ಹೋಗುವಾಗ ಕೊಟ್ಟಿಗೆಯ ಹಿಂದಿನ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ತೊಡೆಯ ಮೂಳೆ. ಹಾಸನದ ಆಸ್ಪತ್ರೆಯಲ್ಲಿ ಕಬ್ಬಿಣ ಹಾಕಿ ಕೂಡಿಸಿದರು. ಸಾಹುಕಾರ್ರು ನೋಡಲು ಬರಲಿಲ್ಲ. ಎಸ್ಟೇಟಿನ ಹಾಜರಿ, ತೂಕ ಬರೆಯುವ ರೈಟರ್ ಬಂದು ಹಾಸಿಗೆಯ ಪಕ್ಕ ನಿಂತು, ತಲೆ ತಗ್ಗಿಸಿಕೊಂಡು, “ನೋಡ್ಕಂಡ್ ನಡೀಬೇಕಿತ್ತು ಅಂದ್ರು ಸಾಹುಕಾರ್ರು,” ಎಂದು ಹೇಳಿ ಹೋದರು. ಅವರು ಒಳ್ಳೆಯವರೇ, ಹೇಳು ಎಂದದ್ದನ್ನು ಹೇಳಿದರು. ಆ ಮಾತನ್ನು ನಾನು ಎದೆಯಲ್ಲಿ ಗಂಟು ಹಾಕಿಕೊಂಡೆ. ಕಾಲು ಕೂಡಿದ ಮೇಲೆ ಅಮ್ಮ ಊರುಗೋಲು ಹಿಡಿದು ಕಣಕ್ಕೆ ಮರಳಿದಳು. ನನ್ನ ಜೊತೆ ಪೇಟೆಗೆ ಬಂದುಬಿಡು ಎಂದರೆ, ಟೈಲರ್ ಅಂಗಡಿ ಮೇಲೆ ಕೂತು ತಾನೇನು ಗುಂಡಿ ಹೊಲಿಯಬೇಕಾ ಎಂದು ಕೇಳಿದಳು. ದಿನಾ ಬೆಳಿಗ್ಗೆ ಸಂಜೆ ಅದೇ ಕೊಟ್ಟಿಗೆ, ಅದೇ ಮೆಟ್ಟಿಲು. ಆ ಗೇಟು ತೆಗೆಸಬೇಕು, ತೆಗೆಸುವ ಮುಂಚೆ ಆ ಮನುಷ್ಯನಿಗೆ ಉಸಿರು ಕಟ್ಟಿಸಬೇಕು. ನನಗೆ ಬೇಕಾಗಿದ್ದದ್ದು ಇವೆರಡೇ.

ಅವಕಾಶ ತಾನಾಗಿಯೇ ಬಂತು. ಸಾಹುಕಾರ್ರಿಗೆ ಎಸ್ಟೇಟಿಗೊಂದು ಪ್ರೋಗ್ರಾಮ್ ಬೇಕಾಯಿತು, ಯಾರೋ ನನ್ನ ಫೋನ್ ನಂಬರ್ ಕೊಟ್ಟರು. ನಾನು ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಹೋದೆ. ಗೇಟಿನ ಬೀಗ ತೆಗೆಸಿ ಒಳಗೆ ಬಿಟ್ಟರು. ಹುಟ್ಟಿದಾರಭ್ಯ ನಾನು ಆ ಅಂಗಳದಲ್ಲಿ ಕಾಲಿಟ್ಟದ್ದು ಅದೇ ಮೊದಲು. ಜಗಲಿಯ ಮೇಲೆ ಕುರ್ಚಿ ಕೊಟ್ಟರು, ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟರು. ಲೈನಿನ ಹುಡುಗಿಯೆಂದು ಅವರಿಗೆ ಗುರುತು ಸಿಗಲಿಲ್ಲ. ನಾನು ಎಡಗಡೆಯ ಪಟ್ಟಿಯ ವಿಷಯ ಹೇಳುತ್ತಿದ್ದಾಗಲೇ ದಾಸವಾಳದ ಬೇಲಿಯ ಆಚೆ ಅಮ್ಮನ ತಲೆ ಕಂಡಿತು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೋಲೂರಿಕೊಂಡು ಕೊಟ್ಟಿಗೆಯ ಕಡೆಗೆ ಇಳಿಯುತ್ತಿದ್ದಳು.

“ಸಾರ್, ಅವರು ನಮ್ಮಮ್ಮ,” ಎಂದೆ.

ಸಾಹುಕಾರ್ರು ಆ ಕಡೆ ನೋಡಿದರು, ಈ ಕಡೆ ನನ್ನನ್ನು ನೋಡಿದರು. “ಹೌದಾ ಮಾರಾಯ್ತಿ? ನಂಗೆ ಗೊತ್ತೇ ಇರ್ಲಿಲ್ಲ. ಒಳ್ಳೆ ಕೆಲಸದವಳು ನಿಮ್ಮಮ್ಮ.”

“ಕಾಲು ಸರಿಯಿಲ್ಲ ಅವರಿಗೆ. ಈ ಅಂಗಳದಲ್ಲಿ ಬಿಟ್ಟರೆ ಅನುಕೂಲ ಆಗ್ತಿತ್ತು.”

ಅವರು ಕೋಪ ಮಾಡಿಕೊಳ್ಳಲಿಲ್ಲ. ನಕ್ಕರು. “ನೋಡಮ್ಮ, ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗುತ್ತೆ. ಆಮೇಲೆ ಇದೇನು ಮನೆನಾ, ಸಂತೆನಾ? ಅದಿರ್ಲಿ, ನೀನು ಏನೋ ಪಟ್ಟಿ ಅಂತಿದ್ದೆಯಲ್ಲ?”

ಕಪ್ಪಿನಲ್ಲಿ ಉಳಿದಿದ್ದ ಕಾಫಿಯನ್ನು ನಾನು ಕುಡಿಯಲಿಲ್ಲ. ಆ ಹೊತ್ತಿಗೆ ಹಾಗೇ ಎದ್ದು ಬರಬಹುದಿತ್ತು. ಕೂತೆ. ಕೂತದ್ದೇ ಒಳ್ಳೆಯದಾಯಿತು, ಏಕೆಂದರೆ ಆಮೇಲೆ ಅವರು ತಮಗೆ ಬೇಕಾದ್ದನ್ನು ತಾವೇ ಹೇಳಿದರು. ನನ್ನ ಎಡಗಡೆಯ ಪಟ್ಟಿ ಅವರಿಗೆ ಹಿಡಿಸಲಿಲ್ಲ. ರೈಟರ್ ತನ್ನ ಪಾಡಿಗೆ ತಾನು ತೂಕದ ಪರದೆಯಿಂದ ಸ್ಟೋರಿನ ಪರದೆಗೆ, ಸ್ಟೋರಿನಿಂದ ಲಾರಿ ಪರದೆಗೆ ತಿರುಗಾಡಿಕೊಂಡಿರುವುದೇ? ತಮ್ಮ ಅಪ್ಪಣೆಯಿಲ್ಲದೆ ಇಲ್ಲಿ ಒಂದು ಚೀಲ ಅಲ್ಲಾಡುವುದಿಲ್ಲ, ಕಂಪ್ಯೂಟರಿನಲ್ಲೂ ಹಾಗೇ ಇರಬೇಕು ಎಂದರು. ರೈಟರ್ ಯಾವ ಪರದೆಯಿಂದ ಯಾವ ಪರದೆಗೆ ಹೋಗಬೇಕಾದರೂ ಮೊದಲು ತಮ್ಮನ್ನು ಕೇಳಬೇಕು. ಬಂಗಲೆಯಲ್ಲಿ ತಮಗೊಂದು ಕಂಪ್ಯೂಟರ್, ಅದರಲ್ಲಿ ತಾವು ‘ಹೋಗಲಿ’ ಎಂದು ಒತ್ತಿದರೆ ಮಾತ್ರ ಆಫೀಸಿನಲ್ಲಿ ಮುಂದಿನ ಪರದೆ ತೆರೆಯಬೇಕು.

ನನಗೆ ಒಳಗೊಳಗೇ ನಗು ಬಂತು. ಅಂಗಳದಲ್ಲಿ ಯಾರೂ ಇವರ ಕಣ್ಣೆದುರು ಹಾಯಬಾರದು, ಕಂಪ್ಯೂಟರಿನಲ್ಲಿ ಮಾತ್ರ ಎಲ್ಲರೂ ಇವರ ಕಣ್ಣೆದುರೇ ಹಾಯಬೇಕು. ಆದರೂ ನನ್ನ ಕಸುಬಿನ ಧರ್ಮ ಬಿಡಲಿಲ್ಲ.

“ಸಾರ್, ಕಷ್ಟ ಆಗುತ್ತೆ. ದಿನಕ್ಕೆ ಎಷ್ಟೋ ಸಲ ಪರದೆ ಬದಲಾಗುತ್ತೆ. ಪ್ರತಿ ಸಲವೂ ನೀವೇ ಒತ್ತಬೇಕಾಗುತ್ತೆ,” ಎಂದು ಜಗಲಿಯ ಕೆಳಗೆ ನಿಂತಿದ್ದ ರೈಟರ ಎದುರಿಗೇ ಹೇಳಿದೆ.

“ನಾನೇ ಒತ್ತಬೇಕು ಅಂತಲೇ ಹೇಳ್ತಿರೋದು. ಬೇರೆ ಯಾರಾದ್ರೂ ಬಂದು ಒತ್ತಿಬಿಟ್ರೆ? ಅದಕ್ಕೊಂದು ಪಾಸ್‌ವರ್ಡ್ ಹಾಕು. ಪ್ರತಿ ಸಲವೂ ಕೇಳ್ಬೇಕು ಅದು.”

“ಪ್ರತಿ ಸಲವೂನಾ ಸಾರ್?”

“ಪ್ರತಿ ಸಲವೂ.”

“ಆಯ್ತು ಸಾರ್,” ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ವಿನಯವಾಗಿ ಯಾರಿಗೂ ಆಯ್ತು ಎಂದಿಲ್ಲ.

ಆ ಪ್ರೋಗ್ರಾಮನ್ನು ನಾನು ಬಹಳ ಪ್ರೀತಿಯಿಂದ ಬರೆದೆ. ಬೇರೆ ಕಡೆ ಆದರೆ, ಪರದೆಯ ಮೇಲೆ ಬಂದು ಅಡ್ಡ ನಿಂತು ಪ್ರಶ್ನೆ ಕೇಳುವ ಪೆಟ್ಟಿಗೆಗಳನ್ನು ಹುಡುಕಿ ಹುಡುಕಿ ಕಿತ್ತುಹಾಕುವವಳು ನಾನು. ಇಲ್ಲಿ ಪ್ರತಿ ದಾರಿಯ ಬಾಯಲ್ಲೂ ಒಂದೊಂದು ಕೂರಿಸಿದೆ. ಆಫೀಸಿನಲ್ಲಿ ರೈಟರ್ ಪರದೆ ಬದಲಾಯಿಸಲು ಹೋದರೆ ಬಂಗಲೆಯ ಕಂಪ್ಯೂಟರಿನಲ್ಲಿ ಟಿಂಗ್ ಎಂದು ಸದ್ದಾಗಿ ಪೆಟ್ಟಿಗೆ ಬರುತ್ತದೆ. ‘ಹಾಜರಿಯಿಂದ ಕೆಲಸ ಹಂಚಿಕೆಗೆ ಹೋಗಲು ಅಪ್ಪಣೆಯೇ?’ ಎಂದು ಕೇಳುತ್ತದೆ. ಅಪ್ಪಣೆ ಎಂಬ ಮಾತನ್ನು ಬೇಕೆಂದೇ ಹಾಕಿದೆ. ಪಾಸ್‌ವರ್ಡ್ ಕೊಟ್ಟು ‘ಹೋಗಲಿ’ ಎಂದು ಒತ್ತುವವರೆಗೂ ಆಫೀಸಿನ ಪರದೆ ಕದಲುವುದಿಲ್ಲ. ವಾಪಸ್ ಬರುವುದಕ್ಕೂ ಅದೇ ಕಥೆ. ಒಂದನ್ನು ಮಾತ್ರ ಜೋಪಾನವಾಗಿ ನೋಡಿಕೊಂಡೆ. ಸಂಜೆ ಕಾಫಿ ಹಣ್ಣಿನ ಚೀಲ ಹೊತ್ತುಕೊಂಡು ಸಾಲು ನಿಲ್ಲುವವರ ತೂಕವೆಲ್ಲ ಒಂದೇ ಪರದೆಯಲ್ಲಿ ಮುಗಿಯುವಂತೆ ಮಾಡಿದೆ. ನನ್ನ ಸಿಟ್ಟು ಲೈನಿನವರ ಮೇಲಲ್ಲ. ಅವರು ತೂಕ ಹಾಕಿಸಿ ಹೊತ್ತಿಗೆ ಸರಿಯಾಗಿ ಮನೆ ಸೇರಬೇಕು.

ಎರಡು ಕಂಪ್ಯೂಟರಿಗೂ ನಡುವೆ ವೈರ್ ಎಳೆಯಬೇಕಿತ್ತು. ವೈರಿನವನು, “ಕೊಟ್ಟಿಗೆ ಕಡೆಯಿಂದ ಸುತ್ತಿ ತಗಂಡೋಗ್ಲಾ?” ಎಂದು ಕೇಳಿದ.

“ಯಾಕೆ ಸುಮ್ನೆ ಸುತ್ತೋದು? ನೆಟ್ಟಗೆ ಅಂಗಳದ ಮೇಲೇ ಎಳಿ, ಹತ್ರ ಆಗುತ್ತೆ,” ಎಂದರು ಸಾಹುಕಾರ್ರು.

ವೈರ್ ಅಂಗಳದ ಮೇಲೆ ನೆಟ್ಟಗೆ ಹೋಯಿತು. ನಾನು ಅದನ್ನು ನೋಡುತ್ತ ನಿಂತಿದ್ದೆ. ನನಗಿದ್ದ ಅಲ್ಪಸ್ವಲ್ಪ ಕನಿಕರವೂ ಆಗ ಹೋಯಿತು.

ಕೊಯ್ಲು ಶುರುವಾಯಿತು. ಮೊದಲ ಕೆಲವು ದಿನ ಸಾಹುಕಾರ್ರಿಗೆ ಬಲು ಖುಷಿ. ಟಿಂಗ್ ಎಂದ ಕೂಡಲೇ ಕನ್ನಡಕ ಏರಿಸಿಕೊಂಡು ಬಂದು, ತೋರುಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ, ‘ಹೋಗಲಿ’ ಒತ್ತುತ್ತಿದ್ದರಂತೆ. ಆಮೇಲೆ ಕೆಲಸ ಏರಿತು. ಹಾಜರಿ, ಕೆಲಸದ ಹಂಚಿಕೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕಣ, ಸ್ಟೋರು, ಲಾರಿ, ಮಧ್ಯೆ ಏನಾದರೂ ತಪ್ಪು ಬಿದ್ದರೆ ಮತ್ತೆ ಹಿಂದಕ್ಕೆ. ರೈಟರ್ ನನಗೆ ಫೋನ್ ಮಾಡಿ ಸುದ್ದಿ ಕೊಡುತ್ತಿದ್ದರು. ನಾನು ಹೆಚ್ಚೇನೂ ಕೇಳುತ್ತಿರಲಿಲ್ಲ, ಆದರೆ ಫೋನ್ ಇಡುತ್ತಲೂ ಇರಲಿಲ್ಲ.

“ಸ್ನಾನಕ್ ಹೋದ್ರೂ ಟಿಂಗು, ಉಣ್ಣಕ್ ಕೂತ್ರೂ ಟಿಂಗು ಕಣಮ್ಮ. ಮೈಮೇಲೆ ನೀರು ಹುಯ್ಕಂಡೋರು ಹಂಗೇ ಟವಲ್ ಸುತ್ಕಂಡ್ ಬಂದು ಒತ್ತುಬುಟ್ಟೋದ್ರು. ಪೇಟೆ ಕಡೆ ತಲೆ ಹಾಕಿ ಎಷ್ಟ್ ದಿನಾಯ್ತೋ. ನಾಯಿ ಕಟ್ಟಾಕ್ದಂಗ್ ಆಗೈತೆ ಅವರ ಗತಿ.”

“ಅಯ್ಯೋ ಪಾಪ,” ಎಂದೆ.

“ನೀನು ಪಾಪ ಅಂತಿಯೋ ನಗ್ತಿಯೋ ಗೊತ್ತಾಯ್ತಾ ಇಲ್ಲ,” ಎಂದರು ರೈಟರ್.

ನಗುತ್ತಿದ್ದೆ. ಆ ದಿನಗಳಲ್ಲಿ ನನಗೆ ಊಟ ಚೆನ್ನಾಗಿ ಸೇರುತ್ತಿತ್ತು.

ಕೊನೆಗೆ ಆಲೂರಿನ ಬೀಗರೂಟ ಬಂತು. ಸಾಹುಕಾರ್ರು ಮಗಳನ್ನು ಕೊಟ್ಟ ಮನೆಯವರು ಮದುವೆಯಾದ ಮೇಲೆ ಮಾಡಿದ ಊಟ. ನಮ್ಮ ಕಡೆ ಮದುವೆಗೆ ತಡವಾಗಿ ಹೋದರೂ ನಡೆಯುತ್ತದೆ, ಬೀಗರೂಟಕ್ಕೆ ಹೆಣ್ಣಿನ ಅಪ್ಪ ಮೊದಲ ಪಂಕ್ತಿಯಲ್ಲಿ ಕೂರಬೇಕು. ಬೆಳಗಿನ ಅಪ್ಪಣೆಗಳನ್ನೆಲ್ಲ ಒತ್ತಿ ಮುಗಿಸಿ ಸಾಹುಕಾರ್ರು ಮನೆಯವರನ್ನು ಬಿಟ್ಟು ಒಬ್ಬರೇ ಮುಂಚೆ ಹೊರಟರು. ಮನೆಯವರು ಇನ್ನೊಂದು ಕಾರಿನಲ್ಲಿ ಹಿಂದೆ ಬರುವುದೆಂದು ಮಾತಾಗಿತ್ತು. ಅವರು ಎಲೆಯ ಮುಂದೆ ಕೂತ ಹೊತ್ತಿಗೆ ಸರಿಯಾಗಿ, ನಾಳೆ ಬರಬೇಕಿದ್ದ ಲಾರಿ ಇವತ್ತೇ ಎಸ್ಟೇಟಿಗೆ ಬಂತು. ಸ್ಟೋರಿನ ಪರದೆಯಿಂದ ಲಾರಿಯ ಪರದೆಗೆ ಹೋಗದೆ ಚೀಟಿ ಬರುವುದಿಲ್ಲ, ಚೀಟಿಯಿಲ್ಲದೆ ಲಾರಿಯವನು ಮೂಟೆ ಏರಿಸಿಕೊಳ್ಳುವುದಿಲ್ಲ. ಗಾಡಿ ತಿರುಗಿಸಿಕೊಂಡು ಹೋಗಿಬಿಡುತ್ತೇನೆ ಎಂದು ಅವನು ಕೂಗಾಡತೊಡಗಿದ. ರೈಟರ್ ಫೋನ್ ಮಾಡಿದರು.

“ಅಮ್ಮಾವ್ರಿನ್ನೂ ಮನೇಲೇ ಅವ್ರೆ ಸಾಹುಕಾರ್ರೇ. ಪಾಸ್‌ವರ್ಡ್ ಅವ್ರಿಗ್ ಹೇಳ್ಬುಡಿ, ಒತ್ತುತಾರೆ.”

ಸಾಹುಕಾರ್ರು ಹೇಳಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಆ ಪಾಸ್‌ವರ್ಡ್ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಬಡಿಸಿದ ಎಲೆ ಬಿಟ್ಟು ಎದ್ದರು. ಬೀಗರು ಬಂದು ಏನಾಯಿತು, ಬಡಿಸಿದ್ದರಲ್ಲಿ ಏನು ಕಮ್ಮಿಯಾಯಿತು ಎಂದು ಕೈ ಹಿಡಿದು ಕೇಳಿದರೆ ಏನು ಹೇಳುವುದು? ಒಂದು ಬಟನ್ ಒತ್ತಲು ಹೋಗಬೇಕು ಎನ್ನುವುದೇ? ಆಲೂರಿನಿಂದ ಸಕಲೇಶಪುರ ಹಾದು ಎಸ್ಟೇಟಿನವರೆಗೂ ಕಾರು ಓಡಿಸಿಕೊಂಡು ಬಂದು, ಪಾಸ್‌ವರ್ಡ್ ಕುಟ್ಟಿ, ‘ಹೋಗಲಿ’ ಎಂದು ಒತ್ತಿದರು. ವಾಪಸ್ ಹೋಗುವಷ್ಟರಲ್ಲಿ ಶಾಮಿಯಾನ ಬಿಚ್ಚಿದ್ದರು. ಮಗಳು ಒಂದು ವಾರ ಅಪ್ಪನ ಜೊತೆ ಮಾತಾಡಲಿಲ್ಲವಂತೆ.

ಮಾರನೆಯ ದಿನ ನನಗೆ ಕರೆ ಬಂತು. ನಿಧಾನವಾಗಿ ತಿಂಡಿ ತಿಂದು ಹೋದೆ. ಅದೇ ಜಗಲಿ, ಅದೇ ಕುರ್ಚಿ. ಸಾಹುಕಾರ್ರ ಕಣ್ಣು ಒಳಗೆ ಹೋಗಿತ್ತು.

“ಇದನ್ನ ತೆಗೆದುಬಿಡಮ್ಮ,” ಎಂದರು. “ಎಲ್ಲ ಬೇಡ. ರೈಟರ್ ಒಬ್ಬನಿಗೆ, ಸ್ಟೋರಿಂದ ಲಾರಿಗೆ ಹೋಗಕ್ಕೆ ಬಿಟ್ಬಿಡು, ಸಾಕು.”

ಈ ಕ್ಷಣಕ್ಕಾಗಿ ನಾನು ಕಾದಿದ್ದೆ. “ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗುತ್ತೆ ಸಾರ್.”

ಅವರಿಗೆ ಆ ಮಾತು ಎಲ್ಲಿಯದೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದಾಗ ಕಿವಿ ಕೆಂಪಾಯಿತು.

“ಏನು, ಹೆದರಿಸ್ತಿದೀಯಾ?”

“ಇಲ್ಲ ಸಾರ್. ನೀವು ಹೇಳಿದ್ದನ್ನ ಹೇಳಿದ ಹಾಗೇ ಮಾಡಿಕೊಟ್ಟೆ. ಕಷ್ಟ ಆಗುತ್ತೆ ಅಂತಲೂ ಹೇಳಿದ್ದೆ, ರೈಟರ್ ಇದ್ರು. ಈಗ ಬದಲಾಯಿಸೋದು ಹೊಸ ಕೆಲಸ. ನಿಮ್ಮಿಂದ ನಂಗೆ ದುಡ್ಡು ಬೇಡ. ಆ ಗೇಟು ಕೀಳಿಸಿ. ಬೀಗ ತೆಗೆಯೋದಲ್ಲ, ಗೇಟನ್ನೇ ಕೀಳಿಸಿ. ಲೈನಿನವರು ಯಾರು ಬೇಕಾದ್ರೂ ಅಂಗಳದಲ್ಲಿ ಹಾದುಹೋಗಲಿ.”

“ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ ಅದು. ಆಗಲ್ಲ.”

“ಸರಿ ಸಾರ್,” ಎಂದು ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡೆ.

ಒಳಗೆ ಟಿಂಗ್ ಎಂದಿತು. ಅವರು ಎದ್ದು ಹೋದರು. ತೋರುಬೆರಳಿನ ಕುಟ್ಟಾಟ ಜಗಲಿಗೆ ಕೇಳಿಸಿತು. ಬಂದು ಕುರ್ಚಿಯಲ್ಲಿ ಕೂತು, ಬಾಯಿ ತೆರೆದು ಏನೋ ಹೇಳಬೇಕೆನ್ನುವಷ್ಟರಲ್ಲಿ ಮತ್ತೆ ಟಿಂಗ್. ಮತ್ತೆ ಎದ್ದು ಹೋದರು. ಮೂರನೆಯ ಟಿಂಗಿಗೆ ಅವರು ಏಳಲಿಲ್ಲ. ಅಂಗೈಯಲ್ಲಿ ಮುಖ ಉಜ್ಜಿಕೊಂಡರು.

“ಕೀಳಿಸ್ತೀನಿ, ಮಾಡು,” ಎಂದರು.

“ಮೊದಲು ಕೀಳಲಿ ಸಾರ್.”

ಹಾರೆ ತಂದು ಗೇಟು ಕಿತ್ತರು. ಕಂಬ ಅಲ್ಲಾಡಿಸಿ ಅಲ್ಲಾಡಿಸಿ ಮೇಲಕ್ಕೆ ತೆಗೆಯುವಾಗ ನಾನು ಜಗಲಿಯಿಂದ ಕದಲಲಿಲ್ಲ. ನನಗೆ ಪಾಪ ಅನ್ನಿಸಿತೇ ಎಂದು ಆಮೇಲೆ ಯಾರೋ ಕೇಳಿದರು. ಇಲ್ಲ. ಅಮ್ಮನ ತೊಡೆಯೊಳಗಿನ ಕಬ್ಬಿಣವನ್ನು ಕಿತ್ತು ಹಾಕುವ ಹಾಗಿಲ್ಲ, ಇದನ್ನಾದರೂ ಕೀಳಲಿ ಎಂದುಕೊಂಡು ನೋಡಿದೆ.

ಮಧ್ಯಾಹ್ನದಿಂದ ಆಫೀಸಿನಲ್ಲಿ ಕೂತು ಪೆಟ್ಟಿಗೆಗಳನ್ನೆಲ್ಲ ತೆಗೆದೆ. ಎಡಗಡೆಗೆ ನನ್ನ ಪಟ್ಟಿ ಬಂತು. ರೈಟರ್ ಹಾಜರಿಯಿಂದ ಸ್ಟೋರಿಗೆ, ಸ್ಟೋರಿನಿಂದ ಕಣಕ್ಕೆ, ಕಣದಿಂದ ವಾಪಸ್ ಹಾಜರಿಗೆ ಸುಮ್ಮನೆ ಒತ್ತಿ ಒತ್ತಿ ನೋಡಿದರು. ಹೊರಗೆ ಬಿಸಿಲು ಇಳಿದಿತ್ತು. ಕಿಟಕಿಯಿಂದ ಅಂಗಳ ಪೂರ್ತಿ ಕಾಣುತ್ತಿತ್ತು. ಸಾಹುಕಾರ್ರು ಜಗಲಿಯ ಮೇಲೆ ಸಂಜೆಯ ಕಾಫಿ ಕುಡಿಯುತ್ತ ಕೂತಿದ್ದರು.

ಅಮ್ಮ ಕಣದ ಕಡೆಯಿಂದ ಬಂದಳು. ಗೇಟಿದ್ದ ಜಾಗದಲ್ಲಿ ನಿಂತು ಹೊಸ ಗುಂಡಿಗಳನ್ನು ನೋಡಿದಳು. ಅಭ್ಯಾಸದ ಮೇಲೆ ಕೊಟ್ಟಿಗೆಯ ಕಡೆಗೇ ತಿರುಗಿಬಿಡುತ್ತಾಳೋ ಎಂದು ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ತಿರುಗಲಿಲ್ಲ. ಕೋಲೂರಿಕೊಂಡು ಅಂಗಳಕ್ಕೆ ಬಂದಳು. ದಾಟಿ ಸೀದಾ ಆಫೀಸಿಗೆ ಬರುತ್ತಾಳೆ ಎಂದುಕೊಂಡೆ. ನಡು ಅಂಗಳಕ್ಕೆ ಬಂದವಳು ಬಂಗಲೆಯ ಕಡೆಗೆ ಹೊರಳಿ, ಸೀದಾ ಹೋಗಿ, ಸಾಹುಕಾರ್ರ ಕಾಲ ಬುಡದಲ್ಲಿದ್ದ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಅವರಿಗೆ ಬೆನ್ನು ಹಾಕಿ ಕೂತಳು.

“ಕಾಲ್ ನೋಯ್ತೈತೆ ಸಾಹುಕಾರ್ರೇ. ವಸಿ ಹೊತ್ತು ಕೂತಿದ್ದು ಹೋಗ್ತೀನಿ.”

ಅವಳ ದನಿ ಆಫೀಸಿನ ಕಿಟಕಿಯವರೆಗೂ ಕೇಳಿಸಿತು. ಅಮ್ಮ ಮಡಿಲಿನಿಂದ ಎಲೆಯಡಿಕೆ ತೆಗೆದು, ಎಲೆಯ ಬೆನ್ನಿಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟು, ಅಂಗಳ ನೋಡುತ್ತ ಜಗಿದಳು. ಯಾವ ಅವಸರವೂ ಇರಲಿಲ್ಲ ಅವಳಿಗೆ. ಕಡೆಗೆ ಸಾಹುಕಾರ್ರೇ ಕಪ್ಪು ಹಿಡಿದುಕೊಂಡು ಎದ್ದು ಒಳಗೆ ಹೋದರು. ಅವರು ಹೋದ ಮೇಲೂ ಅಮ್ಮ ಇನ್ನಷ್ಟು ಹೊತ್ತು ಕೂತಿದ್ದು, ಆಮೇಲೆ ಎದ್ದು ಬಂದು ರೈಟರಿಗೆ ಬೀಗದ ಕೈ ಕೊಟ್ಟಳು.

ಇಬ್ಬರೂ ಲೈನಿನ ಕಡೆಗೆ ನಡೆದೆವು. ಅವಳ ಕೈ ಹಿಡಿದುಕೊಂಡು, “ಕಾಲು ಅಷ್ಟೊಂದು ನೋಯ್ತಾ ಇತ್ತೇನಮ್ಮ?” ಎಂದು ಕೇಳಿದೆ.

ಅಮ್ಮ ಎಲೆಯಡಿಕೆಯ ರಸವನ್ನು ದಾರಿಯ ಪಕ್ಕಕ್ಕೆ ಉಗಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

“ಎಲ್ಲಿ, ಇವತ್ತು ನೋವೇ ಇರ್ಲಿಲ್ಲ ಕಣೆ,” ಎಂದಳು.